ದತ್ತಕ ಆದೇಶ ಕೊಡುವ ದಿನವೇ ಮಗುವಿನ ಕಾರ್ಡೂ ಕೊಡಲಿ

ನರಗುಂದದ ಜನಕ್ಕೆ ದತ್ತಕ ಅನ್ನುವ ಮಾತು ಹೊಸದಲ್ಲ. ಗಂಡು ಸಂತಾನವಿಲ್ಲದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರು ದತ್ತು ತೆಗೆದುಕೊಳ್ಳಲು ಒಪ್ಪಿಗೆ ಕೇಳಿದರು, ಬ್ರಿಟಿಷರು ಕೊಡಲಿಲ್ಲ. 1858ರಲ್ಲಿ ನರಗುಂದ ಬಂಡೆದ್ದದ್ದಕ್ಕೆ ಇದ್ದ ಕಾರಣಗಳಲ್ಲಿ ಅದೂ ಒಂದು. ಸುರೇಬಾನದಲ್ಲಿ ಮ್ಯಾನ್ಸನ್ ಸತ್ತ, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಈ ಕತೆ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು.

ಕರದ ಮಾತೂ ಹೊಸದಲ್ಲ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು, ವೀರಪ್ಪ ಕಡ್ಲಿಕೊಪ್ಪ ಹುತಾತ್ಮರಾದರು. ಹೊಲಕ್ಕೆ ನೀರು ಬರುವ ಮೊದಲೇ ನೀರಿನ ಕರ ಕೇಳಿದ್ದಕ್ಕೆ ಜನ ಸಿಟ್ಟಾಗಿದ್ದರು.

ದತ್ತಕ ಮತ್ತು ಕರ ಎರಡೂ ಕೂಡಿ ಬರುವ ಇನ್ನೊಂದು ವಿಷಯ ಈಗ ಇದೆ. ಅಂಗವೈಕಲ್ಯ ಇರುವ ಮಗುವನ್ನು ದತ್ತು ತಗೊಂಡರೆ ಸರಕಾರ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ ಕೊಡುತ್ತದೆ ಅನ್ನುವ ಮಾತು ಅಲ್ಲಿ ಇಲ್ಲಿ ಕೇಳುತ್ತದೆ. ಅದರಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧ ತಿಳಿಯದೆ ನಂಬಿದವರಿಗೆ ಮುಂದೆ ನಿರಾಸೆಯಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ತೆರಿಗೆ ರಿಯಾಯಿತಿ ನಂಬಿಕೊಂಡು ನಮ್ಮ ಹಳ್ಳಿಯ ಯಾವ ಮನೆಯೂ ವಿಶೇಷ ಮಗುವನ್ನು ಸಾಕಲು ಆಗುವುದಿಲ್ಲ. ಬೇಕಾಗಿರುವುದು ಎರಡು. ಮಗುವಿನ ಕಾಗದಗಳು ದತ್ತಕದ ದಿನವೇ ಸರಿಯಾಗಿ ಕೈಗೆ ಬರಬೇಕು. ಆ ಕಾಗದದ ಮೇಲೆ ಪ್ರತಿ ತಿಂಗಳು ನೇರವಾಗಿ ನೆರವು ಸಿಗಬೇಕು. ಈ ಎರಡೂ ಜಿಲ್ಲಾಡಳಿತ ಮತ್ತು ರಾಜ್ಯ ಸರಕಾರದ ಕೈಯಲ್ಲಿವೆ.

ಕಾನೂನು ಏನು ಹೇಳುತ್ತದೆ

ದತ್ತು ತೆಗೆದುಕೊಳ್ಳಲು ಆಗುವ ಖರ್ಚಿಗೆ ನಮ್ಮ ದೇಶದಲ್ಲಿ ತೆರಿಗೆ ರಿಯಾಯಿತಿ ಇಲ್ಲ. ಇರುವುದು ಅಂಗವೈಕಲ್ಯ ಇರುವ ಅವಲಂಬಿತರನ್ನು ಸಾಕುವವರಿಗೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಸೆಕ್ಷನ್ ಅದು. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಅಣ್ಣತಮ್ಮ, ಅಕ್ಕತಂಗಿ ಇವರಲ್ಲಿ ಯಾರಿಗಾದರೂ ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇದ್ದು, ಅವರು ನಿಮ್ಮನ್ನೇ ನೆಚ್ಚಿಕೊಂಡಿದ್ದರೆ, ತೆರಿಗೆ ಹಾಕುವ ಆದಾಯದಲ್ಲಿ 75,000 ರೂಪಾಯಿ ಕಳೆಯುತ್ತಾರೆ. ಅಂಗವೈಕಲ್ಯ ಶೇ 80 ಅಥವಾ ಹೆಚ್ಚು ಇದ್ದರೆ 1,25,000 ರೂಪಾಯಿ.

ಅದೇ ಕಾಯ್ದೆಯಲ್ಲಿ ಮಗು ಅಂದರೆ ದತ್ತು ಮಗುವೂ ಸೇರುತ್ತದೆ ಎಂದು ಸ್ಪಷ್ಟವಾಗಿ ಬರೆದಿದೆ. ಹೊಟ್ಟೆಯಲ್ಲಿ ಹುಟ್ಟಿದ ಮಗು, ದತ್ತು ಬಂದ ಮಗು ಎಂಬ ಭೇದ ಇಲ್ಲಿಲ್ಲ. ಇಷ್ಟರ ಮಟ್ಟಿಗೆ ಕಾನೂನು ಒಳ್ಳೆಯದೇ.

ಇಲ್ಲಿ ಒಂದು ಮಾತು ತಲೆಯಲ್ಲಿರಲಿ. 75,000 ಅಂದರೆ ಕೈಗೆ ಬರುವ ರೊಕ್ಕ ಅಲ್ಲ. ನಿಮ್ಮ ಆದಾಯದ ಲೆಕ್ಕದಿಂದ ಅಷ್ಟು ಕಳೆದು, ಉಳಿದದ್ದಕ್ಕೆ ತೆರಿಗೆ ಹಾಕುತ್ತಾರೆ. ಶೇ 20ರ ಹಂತದಲ್ಲಿ ತೆರಿಗೆ ಕಟ್ಟುವವರಿಗೆ ಇದರಿಂದ ಉಳಿಯುವುದು ಸೆಸ್ ಸೇರಿ ವರ್ಷಕ್ಕೆ 15,600 ರೂಪಾಯಿ. ಶೇ 5ರ ಹಂತದವರಿಗೆ 3,900 ರೂಪಾಯಿ. ತೆರಿಗೆಯನ್ನೇ ಕಟ್ಟದವರಿಗೆ ಏನೂ ಇಲ್ಲ.

2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರುಗಳು ಬೇರೆ. 2026ರ ಏಪ್ರಿಲ್ 1ರಿಂದ ಆಚೆಗಿನ ಆದಾಯಕ್ಕೆ ಆ ನಂಬರುಗಳನ್ನೇ ನೋಡಬೇಕು. ಜನರ ಬಾಯಲ್ಲಿ ಇರುವುದು ಹಳೆ ನಂಬರು, ಹಾಗಾಗಿ ಇಲ್ಲಿ 80ಡಿಡಿ ಎಂದೇ ಬರೆಯುತ್ತೇನೆ.

ನಾಲ್ಕು ಮನೆಯ ಲೆಕ್ಕ

ಇದು ಯಾರಿಗೆ ಸಿಗುತ್ತದೆ ಎಂದು ತಿಳಿಯಲು ನಾಲ್ಕು ಮನೆ ಊಹಿಸಿಕೊಳ್ಳೋಣ. ನಾಲ್ಕೂ ಮನೆಯವರು ಶೇ 50 ಅಂಗವೈಕಲ್ಯ ಇರುವ ಒಂದೊಂದು ಮಗುವನ್ನು ಕಾನೂನು ಪ್ರಕಾರ ದತ್ತು ತಗೊಂಡಿದ್ದಾರೆ ಅನ್ನೋಣ.

ಮೊದಲನೆಯದು ಹೊಲ ನಂಬಿದ ಮನೆ. ಹೆಸರು, ಗೋವಿನಜೋಳ, ಕಡಲೆ ಬೆಳೆಯುತ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ತೆರಿಗೆ ಇಲ್ಲದ ಮೇಲೆ ರಿಯಾಯಿತಿ ಎಲ್ಲಿಂದ? ಈ ಮನೆಗೆ 80ಡಿಡಿಯಿಂದ ಸಿಗುವುದು ಸೊನ್ನೆ.

ಎರಡನೆಯದು ಪ್ಯಾಟಿಯ ಅಂಗಡಿಯಲ್ಲಿ ದುಡಿಯುವವರ ಮನೆ. ತಿಂಗಳಿಗೆ 20,000, ವರ್ಷಕ್ಕೆ 2,40,000. ಇವರಿಗೂ ತೆರಿಗೆ ಇಲ್ಲ, ಇವರಿಗೂ ಸೊನ್ನೆ.

ಮೂರನೆಯದು ಶಿಕ್ಷಕರ ಮನೆ. ವರ್ಷಕ್ಕೆ 9 ಲಕ್ಷ ಸಂಬಳ ಅನ್ನೋಣ. ಈಗ ತೆರಿಗೆಯಲ್ಲಿ ಎರಡು ಪದ್ಧತಿ ಇವೆ. ಹಳೆಯದರಲ್ಲಿ ಎಲ್.ಐ.ಸಿ., ಪಿ.ಎಫ್., 80ಡಿಡಿ ಇವೆಲ್ಲ ಕಳೆಯಬಹುದು. ಹೊಸದರಲ್ಲಿ ಇವು ಇಲ್ಲ, ಆದರೆ ತೆರಿಗೆ ದರ ಕಡಿಮೆ. ಹಳೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಉಳಿತಾಯದ 1,50,000, ಮಗುವಿನ 75,000 ಎಲ್ಲ ಕಳೆದ ಮೇಲೂ 39,000 ರೂಪಾಯಿ ತೆರಿಗೆ ಬರುತ್ತದೆ. ಹೊಸ ಪದ್ಧತಿಯಲ್ಲಿ ಏನನ್ನೂ ತೋರಿಸದೆಯೇ ತೆರಿಗೆ ಸೊನ್ನೆ. 2025-26ರಿಂದ 12 ಲಕ್ಷದವರೆಗಿನ ತೆರಿಗೆಯ ಆದಾಯಕ್ಕೆ ರಿಬೇಟ್ ಇರುವುದರಿಂದ ಹೀಗೆ. ಶಿಕ್ಷಕರು ಹೊಸದನ್ನೇ ಆರಿಸುತ್ತಾರೆ, ಆರಿಸಲೇಬೇಕು. ಆದರೆ ಪಕ್ಕದ ಮನೆಯಲ್ಲಿ ವಿಶೇಷ ಮಗು ಇಲ್ಲದ ಶಿಕ್ಷಕರಿಗೂ ಅದೇ ಸೊನ್ನೆ. ಮಗುವಿನ ಹೆಸರಲ್ಲಿ ಸಿಕ್ಕದ್ದು ಏನೂ ಇಲ್ಲ.

ನಾಲ್ಕನೆಯದು ವರ್ಷಕ್ಕೆ 20 ಲಕ್ಷ ಸಂಬಳದ ಮನೆ. ನರಗುಂದದಲ್ಲಿ ಇಂಥ ಮನೆ ಬೆರಳೆಣಿಕೆಯಷ್ಟು, ಇದ್ದರೂ ಬೆಂಗಳೂರಿನಲ್ಲಿ ದುಡಿಯುವ ನಮ್ಮ ಊರಿನ ಹುಡುಗರದು. ಅದೇ ಕಡಿತಗಳನ್ನು ಹಳೆ ಪದ್ಧತಿಯಲ್ಲಿ ತೋರಿಸಿದರೆ ತೆರಿಗೆ 3,43,200 ರೂಪಾಯಿ. ಹೊಸ ಪದ್ಧತಿಯಲ್ಲಿ ಏನೂ ತೋರಿಸದೆ 1,92,400 ರೂಪಾಯಿ. ಮನೆ ಸಾಲದ ಬಡ್ಡಿ, ಮನೆ ಬಾಡಿಗೆ ಭತ್ಯೆ ಇಂಥ ದೊಡ್ಡ ಕಡಿತಗಳು ಇದ್ದವರಿಗೆ ಮಾತ್ರ ಹಳೆ ಪದ್ಧತಿ ಲಾಭ, ಅವರಿಗೆ ಮಾತ್ರ 80ಡಿಡಿ ಕೆಲಸಕ್ಕೆ ಬಂದೀತು.

ಅಂದರೆ ನಾಲ್ಕೂ ಮನೆಗೆ ಸಿಕ್ಕದ್ದು ಏನೂ ಇಲ್ಲ. ಮೊದಲ ಎರಡು ಮನೆಗೆ ಎಂದೂ ಇರಲಿಲ್ಲ. ಉಳಿದ ಎರಡಕ್ಕೆ ಇದ್ದದ್ದು ಹೊಸ ಪದ್ಧತಿ ಬಂದ ಮೇಲೆ ಹೋಯಿತು. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಹಳೆಯದು ಬೇಕೆಂದವರು ಕೇಳಿ ಪಡೆಯಬೇಕು. ಸೆಕ್ಷನ್ ಪುಸ್ತಕದಲ್ಲಿದೆ, ಮನೆಗೆ ಬರುವುದಿಲ್ಲ.

ಮಾಸಾಶನವೂ ಎಲ್ಲರಿಗಿಲ್ಲ

ತೆರಿಗೆ ಬಿಡಿ, ಅಂಗವಿಕಲರ ಮಾಸಾಶನ ಇದೆಯಲ್ಲ ಎಂದು ಕೇಳುತ್ತೀರಿ. ಇದೆ. ಕರ್ನಾಟಕದಲ್ಲಿ ಶೇ 40ರಿಂದ 75ರೊಳಗಿನವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದವರಿಗೆ 1,400 ರೂಪಾಯಿ ಎಂದು ವರ್ಷಗಳಿಂದ ಕೊಡುತ್ತ ಬಂದಿದ್ದಾರೆ. ಇದಕ್ಕೆ ಕುಟುಂಬದ ಆದಾಯ ಮಿತಿ ಇದೆ. ಆದಾಯ ಪ್ರಮಾಣಪತ್ರ ಬೇಕು. ಹೊಲದ ಮನೆಗೆ ಸಿಗಬಹುದು, ಶಿಕ್ಷಕರ ಮನೆಗೆ ಸಿಗುವುದಿಲ್ಲ.

800 ರೂಪಾಯಿಯಲ್ಲಿ ಏನು ಬರುತ್ತದೆ? ನರಗುಂದದಿಂದ ಗದಗ ಜಿಮ್ಸ್ ಆಸ್ಪತ್ರೆಗೋ, ಹುಬ್ಬಳ್ಳಿಗೋ, ಧಾರವಾಡದ ಡಿಮ್ಹಾನ್ಸ್‌ಗೋ ಮಗುವನ್ನು ಎತ್ತಿಕೊಂಡು ತಿಂಗಳಿಗೆ ಎರಡು ಸಲ ಹೋದರೆ ಅಲ್ಲಿಗೆ ಮುಗಿಯಿತು. ಹಳ್ಳಿಯವರು ಮೊದಲು ತಾಲ್ಲೂಕಿಗೆ ಬರಬೇಕು, ಅಲ್ಲಿಂದ ಮತ್ತೊಂದು ಬಸ್ಸು. ಜೊತೆಗೆ ಬಂದವರ ಅವತ್ತಿನ ಕೂಲಿಯೂ ಹೋಯಿತು. ಫಿಸಿಯೋಥೆರಪಿ, ಮಾತು ಕಲಿಸುವ ತರಬೇತಿ ಇಂಥವು ಒಂದು ದಿನದ ಕೆಲಸ ಅಲ್ಲ, ವರ್ಷಗಟ್ಟಲೆ ಬೇಕು.

ಇನ್ನೊಂದು ವಿಚಿತ್ರ

ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಒಂದು ಮಗುವನ್ನು ಪೋಷಕತ್ವದಲ್ಲಿ, ಅಂದರೆ ಫಾಸ್ಟರ್ ಕೇರ್‌ನಲ್ಲಿ ಸಾಕುವ ಕುಟುಂಬಕ್ಕೆ ತಿಂಗಳಿಗೆ 4,000 ರೂಪಾಯಿ ಕೊಡುವ ವ್ಯವಸ್ಥೆ ಇದೆ. ಇದು ಒಳ್ಳೆಯ ಯೋಜನೆ. ಆದರೆ ಇದೇ ಕುಟುಂಬ ಇದೇ ಮಗುವನ್ನು 'ಇನ್ನು ಮುಂದೆ ಇದು ನಮ್ಮ ಮಗು' ಎಂದು ದತ್ತು ತಗೊಂಡರೆ ಆ 4,000 ನಿಲ್ಲುತ್ತದೆ.

ಆರೋಗ್ಯವಂತ ಮಗುವಿನ ವಿಷಯದಲ್ಲಿ ಇದನ್ನು ಒಪ್ಪಬಹುದು. ದತ್ತು ಬೇಕೆಂದು ಮೂರು ವರ್ಷಕ್ಕೂ ಹೆಚ್ಚು ಕಾಯುವ ದಂಪತಿಗಳು ಇದ್ದಾರೆ. ಆದರೆ ಸೆರೆಬ್ರಲ್ ಪಾಲ್ಸಿ ಇರುವ, ಕಣ್ಣು ಕಾಣದ, ಕಿವಿ ಕೇಳದ ಮಗುವಿಗೆ ಸಾಲಿನಲ್ಲಿ ನಿಂತವರು ಯಾರೂ ಇಲ್ಲ. ಕಾರಾ, ಅಂದರೆ ಕೇಂದ್ರ ದತ್ತಕ ಸಂಪನ್ಮೂಲ ಪ್ರಾಧಿಕಾರದ ಪಟ್ಟಿಯಲ್ಲಿ ಇಂಥ ಮಕ್ಕಳು ಉಳಿದುಬಿಡುತ್ತಾರೆ. ಅವರಲ್ಲಿ ಮನೆ ಸಿಕ್ಕವರ ಪೈಕಿ ಹೆಚ್ಚಿನವರು ವಿದೇಶದ ದಂಪತಿಗಳ ಮನೆ ಸೇರುತ್ತಾರೆ. ನಮ್ಮ ಮಕ್ಕಳು ಅಮೆರಿಕಕ್ಕೋ ಇಟಲಿಗೋ ಹೋಗಿ ಚೆನ್ನಾಗಿರುವುದಾದರೆ ಬೇಡ ಅನ್ನಲಾರೆ. ಆದರೆ ನಮ್ಮ ಮನೆಗಳು ಯಾಕೆ ಹಿಂದೆ ಸರಿಯುತ್ತವೆ ಎಂದು ಕೇಳಿಕೊಳ್ಳಬೇಕು. ಮನಸ್ಸಿಲ್ಲ ಅಂತ ಒಂದೇ ಮಾತಿನಲ್ಲಿ ಜನರನ್ನು ದೂರುವುದು ಸುಲಭ. ಸಾಕಲು ಕೈ ಸಾಗದು ಅನ್ನುವುದೂ ಕಾರಣ.

ಅಮೆರಿಕದಲ್ಲಿ ಏನಿದೆ ನೋಡಿ. ಅಲ್ಲಿ ದತ್ತು ಖರ್ಚಿಗೇ ತೆರಿಗೆ ಕ್ರೆಡಿಟ್ ಇದೆ, 2025ಕ್ಕೆ ಒಂದು ಮಗುವಿಗೆ 17,280 ಡಾಲರ್‌ವರೆಗೆ. ಅಲ್ಲಿನ ರಾಜ್ಯ ಸರಕಾರ 'ಈ ಮಗುವಿಗೆ ವಿಶೇಷ ಅಗತ್ಯ ಇದೆ, ನೆರವಿಲ್ಲದೆ ಇದಕ್ಕೆ ಮನೆ ಸಿಗುವುದು ಕಷ್ಟ' ಎಂದು ಬರೆದು ಕೊಟ್ಟರೆ, ಒಂದು ಡಾಲರ್ ಖರ್ಚಿನ ರಸೀದಿ ಇಲ್ಲದಿದ್ದರೂ ಪೂರ್ತಿ ಕ್ರೆಡಿಟ್ ಲೆಕ್ಕಕ್ಕೆ ಬರುತ್ತದೆ. ಆ ಒಂದು ಕಾಗದವೇ ಸಾಕು. ಆದರೆ ಈ ಸವಲತ್ತು ಅಮೆರಿಕದ ಮಕ್ಕಳಿಗೆ ಮಾತ್ರ. ಅಲ್ಲಿರುವ ಕನ್ನಡದ ಕುಟುಂಬವೊಂದು ಇಲ್ಲಿಂದ ಅಂಗವೈಕಲ್ಯದ ಮಗುವನ್ನು ದತ್ತು ಒಯ್ದರೆ ಖರ್ಚಿನ ರಸೀದಿ ಒಂದೊಂದನ್ನೂ ಜೋಡಿಸಿಡಬೇಕು.

ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. 1980ರಲ್ಲಿ, ನಮ್ಮಲ್ಲಿ ಗೋಲಿಬಾರ್ ಆದ ವರ್ಷವೇ, ಅಮೆರಿಕ ಒಂದು ಕಾನೂನು ಮಾಡಿತು. ಇಂಥ ಮಗುವನ್ನು ದತ್ತು ಪಡೆದ ಮನೆಗೆ ತಿಂಗಳ ನೆರವು ಕೊಡುವ ವ್ಯವಸ್ಥೆಗೆ ಕೇಂದ್ರದ ಹಣ ಸಿಗುವಂತೆ ಮಾಡಿತು. ಫಾಸ್ಟರ್ ಮನೆಯಲ್ಲಿದ್ದಾಗ ಸಿಗುತ್ತಿದ್ದ ನೆರವು ದತ್ತಕದ ದಿನ ಕಡಿದುಹೋದರೆ ಯಾರೂ ದತ್ತು ತಗೊಳ್ಳುವುದಿಲ್ಲ ಎಂಬುದನ್ನು ಅವರು ಆಗಲೇ ಕಂಡುಕೊಂಡರು. ನಾವು ಅವರಿಂದ ಕಲಿಯಬೇಕಾದದ್ದು ತೆರಿಗೆ ಕ್ರೆಡಿಟ್ ಅಲ್ಲ, ಈ ತಿಂಗಳ ನೆರವು.

ಕಾಗದದ ದಾರಿ

ಈಗ ಕಾಗದದ ವಿಷಯಕ್ಕೆ ಬರೋಣ. 80ಡಿಡಿ ಇರಲಿ, ಮಾಸಾಶನ ಇರಲಿ, ಬಸ್ ಪಾಸ್ ಇರಲಿ, ರಾಷ್ಟ್ರೀಯ ನ್ಯಾಸದ ಒಂದು ಲಕ್ಷದವರೆಗಿನ ನಿರಾಮಯ ಆರೋಗ್ಯ ವಿಮೆ ಇರಲಿ, ಎಲ್ಲದಕ್ಕೂ ಬೇಕಾಗುವುದು ಅವೇ ನಾಲ್ಕೈದು ಕಾಗದ. ಅವುಗಳಲ್ಲಿ ಒಂದು ತಪ್ಪಿದರೂ ಹಿಂದಿನದಕ್ಕೆ ಓಡಬೇಕು.

ಮೊದಲ ಕಾಗದ ದತ್ತಕ ಆದೇಶ. 2021ರಲ್ಲಿ ಬಾಲನ್ಯಾಯ ಕಾಯ್ದೆಗೆ ತಿದ್ದುಪಡಿಯಾಗಿ, 2022ರ ಸೆಪ್ಟೆಂಬರ್ 1ರಿಂದ ಈ ಆದೇಶವನ್ನು ಕೋರ್ಟ್ ಬದಲು ಜಿಲ್ಲಾಧಿಕಾರಿ ಕೊಡುತ್ತಾರೆ. ಆದೇಶದ ತಾರೀಖಿನಿಂದ ಮಗು ಕಾನೂನಿನಲ್ಲಿ ನಿಮ್ಮದು. ಹಿಂದೆ ಕೋರ್ಟಿನ ದಿನಾಂಕಗಳಿಗಾಗಿ ಕಾಯಬೇಕಿತ್ತು, ಅದಕ್ಕೆ ಹೋಲಿಸಿದರೆ ಇದು ಸುಧಾರಣೆ.

ನಮ್ಮ ಹಳ್ಳಿಗಳಲ್ಲಿ ತೊಡಕಾಗುವುದು ಇಲ್ಲಿಯೇ. 'ಅಣ್ಣನ ಮಗನ್ನ ದತ್ತಕ ತಗೊಂಡೀವಿ' ಅನ್ನುತ್ತಾರೆ. ಉಡಿ ತುಂಬಿ, ಹಿರಿಯರ ಮುಂದೆ ಮಾತಾಗಿರುತ್ತದೆ. ಬಾಂಡ್ ಪೇಪರ್ ಮೇಲೆ ಬರೆಸಿರುತ್ತಾರೆ. ನೋಂದಣಿ ಮಾಡಿಸಿರುವುದಿಲ್ಲ. 1956ರ ಹಿಂದೂ ದತ್ತಕ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ, ಕೊಟ್ಟವರೂ ತಗೊಂಡವರೂ ಸಹಿ ಮಾಡಿದ ಪತ್ರಕ್ಕೆ ಕೋರ್ಟು ಮೊದಲೇ ಮಾನ್ಯತೆ ಕೊಡುತ್ತದೆ. ಬರೀ ಬಾಂಡಿಗೆ ಆ ಬಲ ಇಲ್ಲ. ಆ ಕಾಯ್ದೆಯಲ್ಲಿ ಇನ್ನೊಂದು ಷರತ್ತೂ ಇದೆ. ಮನೆಯಲ್ಲಿ ಗಂಡು ಮಗು ಇದ್ದವರು ಮತ್ತೊಂದು ಗಂಡು ಮಗುವನ್ನು, ಹೆಣ್ಣು ಮಗು ಇದ್ದವರು ಮತ್ತೊಂದು ಹೆಣ್ಣನ್ನು ದತ್ತು ತಗೊಳ್ಳಲು ಬರುವುದಿಲ್ಲ. ತಮ್ಮ ತೀರಿಕೊಂಡ, ಅವನ ಅಂಗವಿಕಲ ಮಗನನ್ನು ನಾವು ಸಾಕುತ್ತಿದ್ದೇವೆ, ನಮಗೂ ಒಬ್ಬ ಮಗ ಇದ್ದಾನೆ ಅನ್ನುವಂಥ ಮನೆಗಳು ಬಾಲನ್ಯಾಯ ಕಾಯ್ದೆಯ ಸಂಬಂಧಿಕರ ದತ್ತಕದ ದಾರಿ ಹಿಡಿಯಬೇಕು. ಗದಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ.

ಆಸ್ಪತ್ರೆಯಲ್ಲಿ ಯಾರೋ ಬಿಟ್ಟುಹೋದ ಮಗುವನ್ನು ಕೈಯಿಂದ ಕೈಗೆ ಕೊಡುವುದು, ತಗೊಳ್ಳುವುದು ಮಾತ್ರ ಎಂದೂ ಬೇಡ. ಅದು ಅಪರಾಧ, ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ದಂಡ, ಎರಡೂ ಆಗಬಹುದು. ಅಂಥ ಮಗು ಕಂಡರೆ 1098ಕ್ಕೆ ಫೋನ್ ಮಾಡಿ.

ಎರಡನೆಯ ಕಾಗದ ಹೊಸ ಜನನ ಪ್ರಮಾಣಪತ್ರ. ಅದರಲ್ಲಿ ದತ್ತು ತಂದೆ ತಾಯಿಯ ಹೆಸರು ಬರುತ್ತದೆ. ಮೂರನೆಯದು ಆಧಾರ್. ನಾಲ್ಕನೆಯದು ಯುಡಿಐಡಿ, ಅಂಗವಿಕಲರ ಗುರುತಿನ ಕಾರ್ಡು.

ಯುಡಿಐಡಿಯಲ್ಲಿ ಒಂದು ಗೋಜಲು ಇದೆ. ಮಗು ಸಂಸ್ಥೆಯಲ್ಲಿದ್ದಾಗ ಕಾರ್ಡು ಆಗಿದ್ದರೆ ಅದರಲ್ಲಿ ಹಳೆ ಹೆಸರು, ಸಂಸ್ಥೆಯ ವಿಳಾಸ ಇರುತ್ತದೆ. ದತ್ತಕದ ನಂತರ ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಇನ್ನೊಂದು ಹೆಸರು. ತೆರಿಗೆ ರಿಟರ್ನ್ ಹಾಕುವಾಗಲೂ, ಮಾಸಾಶನಕ್ಕೆ ಅರ್ಜಿ ಹಾಕುವಾಗಲೂ ಹೆಸರು ಹೊಂದದಿದ್ದರೆ ತಿರುಗಾಟ ಶುರು. ಇನ್ನು ಕಾರ್ಡೇ ಆಗಿರದಿದ್ದರೆ ಮೆಡಿಕಲ್ ಬೋರ್ಡಿನ ಮುಂದೆ ಮಗುವನ್ನು ಹೊಸದಾಗಿ ಒಯ್ಯಬೇಕು.

80ಡಿಡಿ ಬೇಕಾದವರಿಗೆ ಐದನೆಯ ಕಾಗದ ವೈದ್ಯರ ಪ್ರಮಾಣಪತ್ರ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇದ್ದರೆ ಅದು ಫಾರ್ಮ್ 10-ಐಎದಲ್ಲಿ ಇರಬೇಕು. ಸರಕಾರಿ ಆಸ್ಪತ್ರೆಯ ಸಿವಿಲ್ ಸರ್ಜನ್ ಅಥವಾ ಮುಖ್ಯ ವೈದ್ಯಾಧಿಕಾರಿ, ಇಲ್ಲವೇ ನರರೋಗ ತಜ್ಞರು ಕೊಡಬೇಕು, ಮಕ್ಕಳಾದರೆ ಮಕ್ಕಳ ನರರೋಗ ತಜ್ಞರೂ ಆಗುತ್ತದೆ. ಪ್ರಮಾಣಪತ್ರದಲ್ಲಿ ಇಂಥ ವರ್ಷ ಮತ್ತೆ ಪರೀಕ್ಷಿಸಬೇಕು ಎಂದು ಬರೆದಿದ್ದರೆ, ಆ ಅವಧಿ ಮುಗಿದ ಮೇಲೆ ಹೊಸದು ತರುವವರೆಗೆ ಕಡಿತ ಸಿಗುವುದಿಲ್ಲ. ಸಣ್ಣ ಮಕ್ಕಳ ಪ್ರಮಾಣಪತ್ರಗಳು ಹೆಚ್ಚಾಗಿ ತಾತ್ಕಾಲಿಕ. ತಾರೀಖು ನೋಡಿಕೊಳ್ಳಿ.

ಒಂದು ಸಮಾಧಾನದ ಮಾತು ಅಂದರೆ, ಔಷಧಿ ಬಿಲ್ಲುಗಳ ಮೊತ್ತ 75,000 ಆಗಲೇಬೇಕು ಎಂದಿಲ್ಲ. ಮಗುವಿನ ಆರೈಕೆಗೆ ಖರ್ಚಾಗಿದ್ದರೆ ಸಾಕು, ಕಡಿತ ನಿಗದಿಯಾದ ಮೊತ್ತವೇ. ಆದರೂ ಬಿಲ್ಲುಗಳನ್ನು ಇಟ್ಟುಕೊಳ್ಳಿ. ವಿಮೆಗೆ ಬೇಕಾಗುತ್ತವೆ, ಮುಂದಿನ ಡಾಕ್ಟರಿಗೂ ಬೇಕಾಗುತ್ತವೆ. ದತ್ತು ಕೊಡುವಾಗ ಸಂಸ್ಥೆಯವರು ಕೊಡುವ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ತಪಾಸಣೆ ವರದಿ ಎರಡನ್ನೂ ಜತನ ಮಾಡಿ. ಆ ಮಗುವಿನ ಮೊದಲ ದಿನಗಳ ಬಗ್ಗೆ ನಿಮಗಿರುವ ದಾಖಲೆ ಅಷ್ಟೇ.

ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇವೆಲ್ಲದರ ಮೂರು ಮೂರು ಝೆರಾಕ್ಸ್ ಇಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ.

ಸಹಿ ಮಾಡುವವರು ಒಬ್ಬರೇ

ಇಷ್ಟು ಕಾಗದ ಬೇಡ ಎಂದು ನಾನು ಹೇಳುವುದಿಲ್ಲ. ಮಕ್ಕಳ ವಿಷಯದಲ್ಲಿ ಪರಿಶೀಲನೆ ಕಟ್ಟುನಿಟ್ಟಾಗಿಯೇ ಇರಬೇಕು. ನನ್ನ ತಕರಾರು, ಈ ಕಾಗದಗಳನ್ನು ಕೂಡಿಸುವ ಕೆಲಸವನ್ನು ಪೂರ್ತಿಯಾಗಿ ತಾಯಿ ತಂದೆಯ ಮೇಲೆ ಹಾಕಿರುವುದು.

ದತ್ತಕ ಆದೇಶಕ್ಕೆ ಸಹಿ ಮಾಡುವವರು ಜಿಲ್ಲಾಧಿಕಾರಿ. ಅಂಗವೈಕಲ್ಯ ಪರೀಕ್ಷಿಸುವುದು ಅದೇ ಜಿಲ್ಲೆಯ ಸರಕಾರಿ ಆಸ್ಪತ್ರೆ. ಮಾಸಾಶನ ಮಂಜೂರು ಮಾಡುವುದು ಅದೇ ಜಿಲ್ಲಾಧಿಕಾರಿಯ ಕೈಕೆಳಗಿನ ಕಂದಾಯ ಇಲಾಖೆ. ಮಗುವಿಗೆ ವಿಶೇಷ ಅಗತ್ಯ ಇದೆ ಎಂಬುದು ದತ್ತಕದ ಕಡತದಲ್ಲಿ ಮೊದಲ ಪುಟದಿಂದಲೇ ಇರುತ್ತದೆ. ಆ ಕಾರಣಕ್ಕೇ ಅದು ಬೇರೆ ಪಟ್ಟಿಯಲ್ಲಿ ಇತ್ತು. ಹೀಗಿದ್ದೂ, ಆದೇಶ ಕೈಗೆ ಬಂದ ಮರುದಿನ ಆ ತಾಯಿ ನಾಡಕಚೇರಿಗೆ ಹೋಗಿ, ಏನೂ ಗೊತ್ತಿಲ್ಲದವರ ಮುಂದೆ ಮೊದಲಿಂದ ಕತೆ ಶುರು ಮಾಡಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಜಿಲ್ಲಾಧಿಕಾರಿಯ ಒಂದು ಸುತ್ತೋಲೆ ಸಾಕು. ವಿಶೇಷ ಅಗತ್ಯದ ಮಗುವಿನ ದತ್ತಕ ಆದೇಶ ಕೊಡುವಾಗ ಅದರ ಜೊತೆಯಲ್ಲೇ ಹೊಸ ಹೆಸರಿನ ಯುಡಿಐಡಿಯ ಅರ್ಜಿ ಹೋಗಿರಬೇಕು, ಮೆಡಿಕಲ್ ಬೋರ್ಡಿನ ದಿನ ಗೊತ್ತಾಗಿರಬೇಕು, ಮಾಸಾಶನಕ್ಕೆ ಅರ್ಹರಾದರೆ ಆ ಅರ್ಜಿಯೂ ತಯಾರಿರಬೇಕು. ತಂದೆ ತಾಯಿ ಬಂದು ಸಹಿ ಹಾಕಿ ಹೋಗಬೇಕು. ಗದಗ ಜಿಲ್ಲೆ ಇದನ್ನು ಮೊದಲು ಮಾಡಿ ತೋರಿಸಲಿ. ವರ್ಷಕ್ಕೆ ನೂರಾರು ಕಡತ ಬರುವ ಕೆಲಸ ಇದಲ್ಲ, ಇಲಾಖೆಗಳಿಗೆ ಹೊರೆಯಾಗುವುದಿಲ್ಲ.

ಎರಡನೆಯ ಬೇಡಿಕೆ ರೊಕ್ಕದ್ದು. ಫಾಸ್ಟರ್ ಕೇರ್‌ನಲ್ಲಿ ಕೊಡುವ 4,000 ರೂಪಾಯಿಯನ್ನು ವಿಶೇಷ ಅಗತ್ಯದ ಮಗುವಿನ ದತ್ತಕದ ನಂತರವೂ, ಹದಿನೆಂಟು ತುಂಬುವವರೆಗೆ ಮುಂದುವರಿಸಬೇಕು. ತಂದೆ ತಾಯಿಯ ಆದಾಯ ನೋಡಬಾರದು. ಮಗುವಿನ ಹೆಸರಿಗೆ, ಮಗುವಿನ ಖಾತೆಗೆ. ಕೇಂದ್ರ ಮಾಡದಿದ್ದರೆ ರಾಜ್ಯ ಮಾಡಲಿ.

'ರೊಕ್ಕದಾಸೆಗೆ ತಗೊಂಡಾರು'

ಇದಕ್ಕೆ ಕೇಳಿ ಬರುವ ಆಕ್ಷೇಪ ಇದು. ರೊಕ್ಕ ಕೊಟ್ಟರೆ ರೊಕ್ಕಕ್ಕಾಗಿ ದತ್ತು ತಗೊಳ್ಳುವವರು ಹುಟ್ಟಿಕೊಳ್ಳುತ್ತಾರೆ ಅನ್ನುತ್ತಾರೆ. ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಮಕ್ಕಳ ಹೆಸರಲ್ಲಿ ದುಡ್ಡು ತಿಂದವರನ್ನು ನಾವು ನೋಡಿದ್ದೇವೆ.

ಆದರೆ ದತ್ತಕ ಅರ್ಜಿ ಹಾಕಿದವರ ಮನೆಗೆ ಸಮಾಜ ಕಾರ್ಯಕರ್ತರು ಬಂದು ವರದಿ ಬರೆಯುತ್ತಾರೆ. ಮಗು ಮನೆಗೆ ಬಂದ ಮೇಲೂ ಎರಡು ವರ್ಷ ಆಗಾಗ ಬಂದು ನೋಡಬೇಕೆಂಬ ನಿಯಮ ಇದೆ. ತಿಂಗಳ ನೆರವು ಕೊಟ್ಟರೆ ಅದರ ಜೊತೆಗೆ ಈ ಭೇಟಿಗಳನ್ನು ಹದಿನೆಂಟರವರೆಗೆ ವಿಸ್ತರಿಸಬಹುದು. ರೊಕ್ಕ ಕೊಡುವುದರಿಂದ ನಿಗಾ ಇಡುವ ಹಕ್ಕೂ ಸರಕಾರಕ್ಕೆ ಬರುತ್ತದೆ. ಇನ್ನು, ನಡೆಯಲಾಗದ ಮಗುವಿನ ಹೇಲು ಉಚ್ಚೆ ಬಳಿದು, ರಾತ್ರಿ ಫಿಟ್ಸ್ ಬಂದಾಗ ಎದ್ದು ಕೂತು, ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಅಲೆಯುವುದನ್ನು 4,000 ರೂಪಾಯಿಗಾಗಿ ಮಾಡುವವರು ಎಷ್ಟು ಜನ ಸಿಕ್ಕಾರು?

ಇನ್ನೊಂದು ಆಕ್ಷೇಪ, ಹೊಟ್ಟೆಯಲ್ಲಿ ಹುಟ್ಟಿದ ಅಂಗವಿಕಲ ಮಗುವಿನ ತಾಯಿಗೆ ಇಲ್ಲದ್ದು ಇವರಿಗೆ ಯಾಕೆ ಎಂಬುದು. ನ್ಯಾಯವಾದ ಪ್ರಶ್ನೆ. ಆ ತಾಯಿಗೂ ಕೊಡಬೇಕು ಎಂಬುದೇ ನನ್ನ ಉತ್ತರ. 800 ರೂಪಾಯಿ ಅವರಿಗೂ ಅನ್ಯಾಯವೇ. ಎಲ್ಲಿಂದಾದರೂ ಶುರು ಆಗಬೇಕಲ್ಲ, ಸರಕಾರದ ಮಡಿಲಲ್ಲಿದ್ದ ಮಗುವನ್ನು ಒಂದು ಕುಟುಂಬ ತನ್ನ ಮಡಿಲಿಗೆ ತಗೊಂಡ ಕಡೆಯಿಂದ ಶುರುವಾಗಲಿ.

ಸದ್ಯಕ್ಕೆ ಏನು ಮಾಡಬಹುದು

ಸರಕಾರ ಮಾಡುವವರೆಗೆ ಕಾಯುವ ಮನೆಗಳಿಗೆ ನಾಲ್ಕು ಮಾತು.

ನಿಮ್ಮ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜನ ವಿ.ಆರ್.ಡಬ್ಲ್ಯೂ. ಎಂದು ಕರೆಯುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ಎಂ.ಆರ್.ಡಬ್ಲ್ಯೂ. ಇರುತ್ತಾರೆ. ಯುಡಿಐಡಿ ಅರ್ಜಿಗೆ ಮೊದಲು ಅವರ ಹತ್ತಿರ ಹೋಗಿ. ದಲ್ಲಾಳಿಗೆ ದುಡ್ಡು ಕೊಡಬೇಕಿಲ್ಲ.

ಗ್ರಾಮ ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5 ಅಂಗವಿಕಲರಿಗೆ ಮೀಸಲು. ಗ್ರಾಮಸಭೆಯಲ್ಲಿ ಅದರ ಲೆಕ್ಕ ಕೇಳಿ. ನಮ್ಮ ಓಣಿಯ ಮಗುವಿನ ಗಾಲಿ ಕುರ್ಚಿಗೋ ಆಸ್ಪತ್ರೆ ಖರ್ಚಿಗೋ ಅದರಿಂದ ಕೊಡಿ ಎಂದು ಠರಾವು ಮಾಡಿಸಿ.

ತೆರಿಗೆ ಕಟ್ಟುವವರಾದರೆ ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿಸಿ ನೋಡಿ. 80ಡಿಡಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹಳೆ ಪದ್ಧತಿಗೆ ಹೋಗಿ ಹೆಚ್ಚು ತೆರಿಗೆ ಕಟ್ಟಬೇಡಿ. ಮೇಲಿನ ಶಿಕ್ಷಕರ ಲೆಕ್ಕ ನೆನಪಿರಲಿ.

ಮನೆಯಲ್ಲಿ ಈಗಾಗಲೇ ಇಬ್ಬರು ಮಕ್ಕಳಿದ್ದು, ಇನ್ನೊಂದು ಮಗುವನ್ನು ಸಾಕುವ ಮನಸ್ಸಿದ್ದವರಿಗೆ ಒಂದು ವಿಷಯ. 2022ರ ದತ್ತಕ ನಿಯಮದ ಪ್ರಕಾರ, ಸಂಬಂಧಿಕರ ಮಗುವಿನ ಮಾತು ಬಿಟ್ಟರೆ, ನಿಮಗೆ ವಿಶೇಷ ಅಗತ್ಯದ ಮಕ್ಕಳು ಮತ್ತು ಮನೆ ಸಿಗದೆ ಉಳಿದ ಮಕ್ಕಳು ಮಾತ್ರ ಸಿಗುತ್ತಾರೆ. ಇದನ್ನು ಶಿಕ್ಷೆಯ ಹಾಗೆ ಓದಬೇಡಿ. ಯಾರೂ ಕೇಳದ ಮಗುವಿಗೆ ಅಕ್ಕತಂಗಿ ಅಣ್ಣತಮ್ಮ ಇರುವ ತುಂಬಿದ ಮನೆಗಿಂತ ಒಳ್ಳೆಯ ಜಾಗ ಯಾವುದಿದೆ?

ನರಗುಂದದ ದೊರೆಗೆ ದತ್ತಕಕ್ಕೆ ಒಪ್ಪಿಗೆ ಸಿಗಲಿಲ್ಲ. ಇವತ್ತು ಒಪ್ಪಿಗೆ ಸಿಗುತ್ತದೆ, ಸಹಿಯೂ ಆಗುತ್ತದೆ, ಆದರೆ ಮಗುವನ್ನು ಕೈಗಿಟ್ಟ ಸರಕಾರ ಆಮೇಲೆ ಬೆನ್ನು ತಿರುಗಿಸಿ ಹೋಗುತ್ತದೆ. ಈ ಸಲ ಜುಲೈ 21ಕ್ಕೆ ಹುತಾತ್ಮ ರೈತರಿಗೆ ಮಾಲೆ ಹಾಕಲು ಶಾಸಕರು, ಮಂತ್ರಿಗಳು ನರಗುಂದಕ್ಕೆ ಬಂದರೆ, ನೀರಿನ ಪ್ರಶ್ನೆಯ ಜೊತೆಗೆ ಇದನ್ನೂ ಕೇಳಿ: ದತ್ತಕ ಆದೇಶದ ಜೊತೆಗೇ ಮಗುವಿನ ಕಾರ್ಡು ಯಾವಾಗಿನಿಂದ ಕೊಡುತ್ತೀರಿ?